ಎಲೆಯ ಮೇಲಿನ ಮಾಂಜಿ

ಸತ್ತವರು ಉಣ್ಣಲು ಬರುತ್ತಾರೆ ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ಯಾರಾದರೂ ಅಂಥ ಕತೆ ತೆಗೆದರೆ ಮೊದಲು ದಿನಾಂಕ ಕೇಳುತ್ತಿದ್ದೆ, ಅನಂತರ ಜೊತೆಗಿದ್ದವರು ಯಾರೆಂದು ಕೇಳುತ್ತಿದ್ದೆ. ಎರಡನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಕತೆ ಮುಗಿದುಹೋಗಿರುತ್ತಿತ್ತು. ಈಗ ನಾನೇ ಅಂಥದೊಂದನ್ನು ಬರೆಯಲು ಕುಳಿತಿದ್ದೇನೆ. ಓದುವವರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ನ್ಯಾಯ: ಇದರಲ್ಲಿ ಭಯಪಡುವಂಥದ್ದು ಏನೂ ಇಲ್ಲ, ಹೇಸಿಗೆಪಡುವಂಥದ್ದು ಬಹಳವಿದೆ. ದಯವಿಟ್ಟು ಊಟದ ಹೊತ್ತಿಗೆ ಓದಬೇಡಿ.

ಆಗ ನಾನು ವಿದ್ಯಾರ್ಥಿ. ಧಾರವಾಡದ ಕಡೆಯವನಾದರೂ ಮಂಗಳೂರಿನಲ್ಲಿ ಮೀನುಗಾರಿಕೆ ಓದಿ, ಸತ್ತ ಮೀನು ಹೇಗೆ ಮತ್ತು ಎಷ್ಟು ಬೇಗ ಕೆಡುತ್ತದೆ ಎಂಬುದನ್ನೇ ಡಾಕ್ಟರೇಟ್‌ಗೆ ವಿಷಯವಾಗಿ ಆರಿಸಿಕೊಂಡಿದ್ದೆ. ಅದೇ ಕೆಲಸದ ಮುಂದುವರಿಕೆಗಾಗಿ ಒಂದು ವರ್ಷದ ಮಟ್ಟಿಗೆ ಕುವೈತಿನ ಸಂಶೋಧನಾಲಯವೊಂದಕ್ಕೆ ಹೋಗಿದ್ದೆ. ಮಂಜುಗಡ್ಡೆಯಲ್ಲಿಟ್ಟ ಮೀನು, ಬಿಸಿಲಿನಲ್ಲಿಟ್ಟ ಮೀನು, ಬೇಯಿಸಿದ ಮೀನು ಇವುಗಳನ್ನು ದಿನವೂ ಮುಟ್ಟಿ, ಮೂಸಿ, ಅಂಕ ಕೊಡುವುದು ನನ್ನ ಪಾಲಿನ ಕೆಲಸವಾಗಿತ್ತು. ಉಳಿದವರು ಮೂಗು ಮುಚ್ಚಿಕೊಂಡು ಓಡುವ ಕಡೆ ನಾನು ಬಗ್ಗಿ ನಿಂತು ಉಸಿರೆಳೆಯುತ್ತಿದ್ದೆ. ಕೊಳೆತದ್ದರ ಬಗ್ಗೆ ನನಗೆ ಕುತೂಹಲವಿತ್ತು, ಅಸಹ್ಯವಿರಲಿಲ್ಲ. ಇದನ್ನು ಇಲ್ಲಿ ದಾಖಲಿಸುವುದು ಅಗತ್ಯ.

ವಾಸ ಅಲ್ಲಿನ ರಿಗ್ಗೈ ಎಂಬ ಬಡಾವಣೆಯಲ್ಲಿ, ಲಾರೆನ್ಸ್ ಎಂಬವರ ಫ್ಲ್ಯಾಟಿನ ಒಂದು ಕೋಣೆಯಲ್ಲಿ. ಲಾರೆನ್ಸ್ ಮಂಗಳೂರಿನ ಕೊಂಕಣಿ ಕ್ರೈಸ್ತರು, ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ತಂತ್ರಜ್ಞರು. ಘಟನೆ ನಡೆದದ್ದು ಏಪ್ರಿಲ್‌ನಲ್ಲಿ ಎಂದು ಅವರು ಕೊನೆಯವರೆಗೂ ವಾದಿಸುತ್ತಿದ್ದರು. ಅದು ಸರಿಯಲ್ಲ. ೧೯೯೦ರ ಏಪ್ರಿಲ್ ಬಹುಪಾಲು ರಂಜಾನ್‌ನಲ್ಲೇ ಕಳೆದಿತ್ತು, ಆಗ ಅಲ್ಲಿ ಹಗಲು ಹೊರಗೆ ಯಾರೂ ತಿನ್ನುವಂತಿಲ್ಲ. ನಾವಾದರೋ ಹಗಲಿನಲ್ಲೇ ದಾರಿಯುದ್ದಕ್ಕೂ ಕಡಲೆಬೀಜ ತಿನ್ನುತ್ತ ಹೋಗಿದ್ದೆವು. ಜೊತೆಗೆ, ಅಂದು ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಕಡಲಿನಿಂದ ಚಂದ್ರ ಹೆಚ್ಚುಕಡಿಮೆ ಪೂರ್ತಿಯಾಗಿ ಮೇಲೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಪಂಚಾಂಗ ತೆಗೆದು ನೋಡಿದ್ದೇನೆ. ಅದು ವೈಶಾಖದ ಹುಣ್ಣಿಮೆಯ ಮರುದಿನ, ಮೇ ತಿಂಗಳ ಗುರುವಾರ. ಅಲ್ಲಿ ವಾರದ ರಜೆ ಆಗ ಗುರುವಾರ ಮತ್ತು ಶುಕ್ರವಾರ.

ಆ ರಜೆಯಲ್ಲಿ ನಮ್ಮನ್ನು ದಕ್ಷಿಣದ ಕಡಲತೀರಕ್ಕೆ ಕರೆದವನು ಸಂಜೀವ. ಉಡುಪಿಯ ಕಡೆಯ ಮೊಗವೀರ, ಒಬ್ಬ ಕುವೈತಿಯ ಮನೆಯಲ್ಲಿ ಅಡುಗೆಯವನು. ನನಗಿಂತ ಹತ್ತು ವರ್ಷಕ್ಕೆ ಹಿರಿಯನಾದ್ದರಿಂದ ಸಂಜೀವಣ್ಣ ಎನ್ನುತ್ತಿದ್ದೆ. ಹಿಂದಿನ ಮಳೆಗಾಲದ ಮೊದಲಲ್ಲಿ ಅವನ ತಂದೆಯ ದೋಣಿ ಮಗುಚಿತ್ತು. ದೇಹ ದಡಕ್ಕೆ ಬಂದದ್ದು ಕೆಲವು ದಿನಗಳ ಮೇಲೆ. ಮುಖ ಗುರುತು ಸಿಗುವಂತಿರಲಿಲ್ಲ. ನಾತಕ್ಕೆ ಹೆದರಿ ಯಾರೂ ಹತ್ತಿರ ಹೋಗಲಿಲ್ಲ. ಬಾಯಿಗೆ ನೀರು ಬಿಡಬೇಕಾದ ಹಿರಿಯ ಮಗನೂ ಮೂಗಿಗೆ ಬೈರಾಸು ಕಟ್ಟಿಕೊಂಡು ದೂರದಲ್ಲೇ ನಿಂತ. ಸಂಜೀವಣ್ಣನಿಗೆ ಊರಿಗೆ ಹೋಗಲಾಗಲಿಲ್ಲ. ಪಾಸ್‌ಪೋರ್ಟ್ ಕಫೀಲ್ ಬಳಿ, ಎಂದರೆ ಅವನನ್ನು ಕೆಲಸಕ್ಕಿಟ್ಟುಕೊಂಡ ಕುವೈತಿಯ ಬಳಿ; ಕಫೀಲ್ ಚಿಕಿತ್ಸೆಗೆಂದು ಹೊರದೇಶದಲ್ಲಿ. ಅಣ್ಣ ಫೋನಿನಲ್ಲಿ, "ಹತ್ರ ಹೋಗ್ಲಿಕ್ಕೆ ಆಗ್ಲಿಲ್ಲ ಮಾರಾಯ" ಎಂದು ಅತ್ತನಂತೆ. ಅದನ್ನು ಹೇಳುವಾಗಲೆಲ್ಲ ಸಂಜೀವಣ್ಣ ಒಂದೇ ಮಾತು ಸೇರಿಸುತ್ತಿದ್ದ: "ನಾನಿದ್ದಿದ್ರೆ ಹೋಗ್ತಿದ್ದೆ."

ಕರಾವಳಿಯ ಅವರ ಜನರಲ್ಲಿ ಸತ್ತ ಹಿರಿಯರಿಗೆ ಬಡಿಸುವ ಪದ್ಧತಿಯಿದೆ. ಅವರಿಗೆ ಇಷ್ಟವಾದ ಅಡುಗೆಯನ್ನು ಎಲೆಯಲ್ಲಿ ಬಡಿಸಿ, ಕರೆದು, ಬಾಗಿಲು ಮುಚ್ಚಿ ಹೊರಗೆ ಕೂರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದು, ಆ ಎಲೆಯದನ್ನು ಮನೆಯವರೇ ಉಣ್ಣುತ್ತಾರೆ. ಬಿಸಾಡುವಂತಿಲ್ಲ. ವರ್ಷ ತುಂಬುವ ಮೊದಲು ಒಮ್ಮೆ ತನ್ನ ಕೈಯಿಂದ ತಂದೆಗೆ ಬಡಿಸದಿದ್ದರೆ ಅವರು ಯಾರೂ ಮುಟ್ಟದವರಾಗಿಯೇ ಉಳಿಯುತ್ತಾರೆ ಎಂಬುದು ಸಂಜೀವಣ್ಣನ ಸಂಕಟ. ಕಫೀಲ್‌ಗೆ ಕಡಲತೀರದಲ್ಲಿ ರಜೆ ಕಳೆಯುವ ಪುಟ್ಟ ಮನೆಯೊಂದಿತ್ತು. ಅದರ ಕೀಲಿ ಕೇಳಿ ಪಡೆದಿದ್ದ.

ಮೀನು ಮಾರುಕಟ್ಟೆಗೆ ನನ್ನನ್ನೂ ಎಳೆದುಕೊಂಡು ಹೋದ. ನಮ್ಮ ಮಾಂಜಿಯನ್ನು, ಎಂದರೆ ಪಾಂಫ್ರೆಟ್ ಮೀನನ್ನು, ಅಲ್ಲಿ ಜುಬೈದಿ ಎನ್ನುತ್ತಾರೆ, ಬಲು ದುಬಾರಿ. ತಂದೆ ಬದುಕಿಡೀ ಮಾಂಜಿ ಹಿಡಿದು ಮಾರಿದ್ದೇ ಹೊರತು ಮನೆಗೆ ತಂದದ್ದು ಅಗ್ಗದ ಬೂತಾಯಿ ಮೀನು ಮಾತ್ರ ಎಂದು ಸಂಜೀವಣ್ಣ ದಾರಿಯಲ್ಲಿ ಹೇಳಿದ್ದ.

"ಡಾಕ್ಟ್ರೇ, ಒಮ್ಮೆ ಸರೀ ನೋಡಿ. ಇವತ್ತು ಹಳತು ಸಿಕ್ಕಿದ್ರೆ ಆಗ್ಲಿಕ್ಕಿಲ್ಲ," ಎಂದ.

ಅಂಗಡಿಯವನು "ತಾಜಾ ಹೈ ಭಾಯಿ" ಎಂದು ಗೊಣಗುತ್ತಿರುವಾಗಲೇ ನಾನು ಕಿವಿರು ಎತ್ತಿ ನೋಡಿದೆ, ಮೂಸಿದೆ, ಬೆನ್ನನ್ನು ಬೆರಳಿನಿಂದ ಒತ್ತಿದೆ. ಕಿವಿರು ಕೆಂಪಗಿತ್ತು, ಕಣ್ಣು ಉಬ್ಬಿ ತಿಳಿಯಾಗಿತ್ತು, ಒತ್ತಿದ ಮಾಂಸ ಕೂಡಲೇ ಮೇಲೆದ್ದಿತು. ಪ್ರಯೋಗಾಲಯದಲ್ಲಾಗಿದ್ದರೆ ಪೂರ್ಣ ಅಂಕ ಕೊಡುತ್ತಿದ್ದೆ.

"ಪರದೇಶಕ್ಕೆ ಬಂದು ಮೀನಿನ ಕಿವಿರು ಮೂಸಿ ಡಾಕ್ಟ್ರು ಆಗುವವ ಇವನೊಬ್ಬನೇ," ಎಂದು ಲಾರೆನ್ಸ್ ಕಾರಿನಿಂದಲೇ ಛೇಡಿಸಿದರು. "ಯಲ್ಲಾ, ಹತ್ತಿ. ಬಿಸಿಲು ಏರ್ತಾ ಉಂಟು."

ಮೀನನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಭಾರತೀಯ ಅಂಗಡಿಯಲ್ಲಿ ಬಾಳೆಲೆಯನ್ನೂ ಕುಚ್ಚಲಕ್ಕಿಯನ್ನೂ ಕೊಂಡು ಹೊರಟೆವು. ಮನೆ ಚಿಕ್ಕದು, ಚೊಕ್ಕಟವಾದುದು. ಅಡುಗೆಮನೆ, ಅದಕ್ಕೆ ತಾಗಿ ಒಂದು ಕೋಣೆ, ಮುಂದೆ ಕಡಲಿಗೆ ಎದುರಾಗಿ ಜಗಲಿ. ಕೋಣೆಗೆ ಒಂದೇ ಬಾಗಿಲು, ಅದು ಜಗಲಿಗೆ. ಕಿಟಕಿಯ ಜಾಗದಲ್ಲಿ ಏಸಿ ಕೂರಿಸಿದ್ದರು. ಮಧ್ಯಾಹ್ನದಿಂದಲೂ ಅದು ಓಡುತ್ತಿದ್ದುದರಿಂದ ಒಳಗೆ ಚಳಿಯೆನ್ನುವಷ್ಟು ತಂಪಿತ್ತು. ಸಂಜೀವಣ್ಣ ಸಂಜೆ ಮಿಂದು ಬಂದು ಮಾಂಜಿಯ ಪುಳಿಮುಂಚಿ ಸಾರು ಮಾಡಿದ. ಹುಳಿ, ಮೆಣಸು, ಬೆಳ್ಳುಳ್ಳಿಯ ಪರಿಮಳಕ್ಕೆ ನಮ್ಮಿಬ್ಬರ ಬಾಯಲ್ಲೂ ನೀರೂರಿತ್ತು.

"ನಿನ್ನ ಅಪ್ಪನಿಗೆ ಕಳ್ಳು ಬೇಡವಾ ಮಾರಾಯ?" ಎಂದರು ಲಾರೆನ್ಸ್. "ಇಲ್ಲಿ ಕಳ್ಳು ಇಟ್ರೆ ಪೊಲೀಸಿನವರು ನಿಮ್ಮಿಬ್ಬರನ್ನೂ ಒಟ್ಟಿಗೆ ಹಿಡ್ಕೊಂಡು ಹೋಗ್ತಾರೆ."

"ಲಬನ್ ಇಡ್ತೇನೆ," ಎಂದ ಸಂಜೀವಣ್ಣ. ಲಬನ್ ಎಂದರೆ ಅಲ್ಲಿನ ಮಜ್ಜಿಗೆ. "ಬಿಳಿ ಉಂಟು, ಹುಳಿ ಉಂಟು. ಅವರಿಗೆ ಗೊತ್ತಾಗ್ಲಿಕ್ಕಿಲ್ಲ."

"ಎರಡು ಲೋಟ ಕುಡಿದ ಮೇಲೂ ಪದ ಹೇಳ್ಲಿಕ್ಕೆ ಬರದಿದ್ರೆ ಗೊತ್ತಾಗ್ತದೆ."

ಸಂಜೀವಣ್ಣ ನಕ್ಕ. ಆಮೇಲೆ ನಗಲಿಲ್ಲ. ಕೋಣೆಯ ನೆಲದಲ್ಲಿ ಎಲೆ ಹಾಕಿ, ಅನ್ನ ಬಡಿಸಿ, ಒಲೆಯ ಮೇಲಿದ್ದ ಪಾತ್ರೆಯಿಂದ ಎರಡು ತುಂಡು ಮಾಂಜಿಯನ್ನು ಎಲೆಗೆ ಹಾಕಿದ. ಉಳಿದದ್ದು ಪಾತ್ರೆಯಲ್ಲೇ ಇತ್ತು. ಕೈ ಮುಗಿದು, "ಅಮ್ಮೆರೆ, ಬಲೆ, ಉಣ್ಲೆ" ಎಂದು ತುಳುವಿನಲ್ಲಿ ಕರೆದ. ಅಪ್ಪಾ, ಬನ್ನಿ, ಉಣ್ಣಿ ಎಂದಷ್ಟೇ ಅದರ ಅರ್ಥ. ಬಾಗಿಲು ಎಳೆದು ನಮ್ಮ ಬಳಿ ಬಂದು ಕುಳಿತ. ಲಾರೆನ್ಸ್ ಆ ಬಾಗಿಲಿಗೇ ಬೆನ್ನು ಕೊಟ್ಟು ಕುಳಿತಿದ್ದರು. ಅವರು ಒಂದು ಸಿಗರೇಟು ಮುಗಿಸಿ ಎರಡನೆಯದನ್ನು ಹಚ್ಚುವಷ್ಟು ಹೊತ್ತು ಕಳೆದಿರಬೇಕು. ಅಷ್ಟರಲ್ಲಿ ಸಂಜೀವಣ್ಣ ಒಮ್ಮೆ ತಲೆಯೆತ್ತಿ ಬಾಗಿಲಿನ ಕಡೆ ನೋಡಿದ. ಆಮೇಲೆ ಎದ್ದು ಬಾಗಿಲನ್ನು ಮೆಲ್ಲಗೆ ತಟ್ಟಿ ತೆರೆದ.

ಆ ನಾತವನ್ನು ಬಣ್ಣಿಸುವುದು ನನ್ನ ವೃತ್ತಿಯೇ ಆಗಿದ್ದರೂ ಅದಕ್ಕೆ ನನ್ನಲ್ಲಿ ಮಾತಿಲ್ಲ. ಅದು ಮೂಗಿಗಿಂತ ಮೊದಲು ಗಂಟಲಿಗೆ ತಗುಲಿತು. ಎಲೆ ಕಪ್ಪಗಾಗಿ ನೆಲಕ್ಕೆ ಅಂಟಿತ್ತು. ಅನ್ನದ ಮೇಲೆ ಬೂದುಬಣ್ಣದ ನೂಲು ಹಬ್ಬಿತ್ತು. ಮಾಂಜಿಯ ತುಂಡುಗಳು ಹಸಿರುಗಟ್ಟಿ, ಮಾಂಸ ಮುಳ್ಳಿನಿಂದ ಕಳಚಿ ಲೋಳೆಯಾಗಿ ಹರಿದಿತ್ತು. ಅದರೊಳಗೆ ಹುಳುಗಳು ಮಿಸುಕುತ್ತಿದ್ದವು. ಕೊಳೆತ ಮೀನನ್ನು ದಿನವೂ ಮೂಸುತ್ತಿದ್ದ ನಾನು ಜಗಲಿಯಿಂದ ಮರಳಿಗೆ ಇಳಿದು ವಾಂತಿ ಮಾಡಿದೆ. ಲಾರೆನ್ಸ್ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು, "ಇದು ನಾಲ್ಕು ದಿನದ್ದು. ನಾನು ಲ್ಯಾಬಿನಲ್ಲಿ ಇಂಥದ್ದು ನೋಡಿದವ, ಇದು ನಾಲ್ಕು ದಿನದ್ದು," ಎಂದು ಮತ್ತೆ ಮತ್ತೆ ಹೇಳುತ್ತಿದ್ದರು.

ನಾನು ಬಾಯಿ ಒರೆಸಿಕೊಂಡು ಅಡುಗೆಮನೆಗೆ ಹೋದೆ. ಪಾತ್ರೆಯ ಮುಚ್ಚಳ ತೆಗೆದೆ. ಉಳಿದ ಮಾಂಜಿ ಕೆಂಪು ಸಾರಿನಲ್ಲಿ ಹಾಗೇ ಇತ್ತು, ಇನ್ನೂ ಬಿಸಿ. ಒಂದು ತುಂಡನ್ನು ಮುರಿದೆ, ಮೂಸಿದೆ, ನಾಲಿಗೆಗಿಟ್ಟೆ. ಯಾವ ದೋಷವೂ ಇರಲಿಲ್ಲ.

ಹಿಂದಿರುಗಿ ಬರುವಷ್ಟರಲ್ಲಿ ಸಂಜೀವಣ್ಣ ಕೈತೊಳೆದು ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ.

"ಮುಟ್ಟಬೇಡ ಸಂಜೀವ," ಎಂದರು ಲಾರೆನ್ಸ್. "ವಿಷ ಅದು. ಬೆಳಗ್ಗೆ ಆಗುವಾಗ ನೀನೂ ಖಲಾಸ್."

ನಾನು ಒಳಹೊಕ್ಕು ಅವನ ಮಣಿಕಟ್ಟು ಹಿಡಿದೆ. "ಸಂಜೀವಣ್ಣ, ಈ ವಾಸನಿ ನೋಡ್ರಿ. ಇದು ತಿನ್ನೂದಲ್ಲ."

"ಎಂತ ವಾಸನೆ?" ಎಂದ. ನನ್ನ ಮುಖವನ್ನು ನೇರವಾಗಿ ನೋಡಿಯೇ ಹೇಳಿದ. "ನನಗೆ ಬರುದಿಲ್ಲ. ಕೈ ಬಿಡಿ ಡಾಕ್ಟ್ರೇ."

ಬಿಟ್ಟೆ. ಅವನು ಉಂಡ. ಅವಸರವಿಲ್ಲದೆ, ಹಸಿದವನು ಉಣ್ಣುವ ಹಾಗೆ, ಅನ್ನವನ್ನು ಆ ಲೋಳೆಯಲ್ಲಿ ಕಲಸಿ ತುತ್ತು ಮಾಡಿ ಉಂಡ. ಮುಳ್ಳುಗಳನ್ನು ಚೀಪಿ ಸಾಲಾಗಿ ಎಲೆಯ ಅಂಚಿಗಿಟ್ಟ. ಅವನ ಮೀಸೆಯ ಮೇಲೆ ಏನೋ ಬೆಳ್ಳಗೆ ಹರಿದಾಡಿತು, ಹಿಂಗೈಯಿಂದ ಒರೆಸಿಕೊಂಡ. ನಾನು ಹೊರಗೆ ಹೋಗಬೇಕಿತ್ತು. ಏಕೆ ಹೋಗಲಿಲ್ಲವೋ ತಿಳಿಯದು. ಕಡೆಗೆ ಎಲೆಯನ್ನು ಬೆರಳಿನಿಂದ ಬಳಿದು ನೆಕ್ಕಿ, ಲಬನ್ ಕುಡಿದು, ಎಲೆ ಮಡಚಿ, "ಉಪ್ಪು ಸ್ವಲ್ಪ ಕಡಿಮೆ ಆಯ್ತು" ಎಂದ.

ಪಾತ್ರೆಯಲ್ಲಿದ್ದುದನ್ನು ನಾವಿಬ್ಬರೂ ಮುಟ್ಟಲಿಲ್ಲ. ಬೆಳಗಾಗುವವರೆಗೂ ಲಾರೆನ್ಸ್ ಅವನ ನಾಡಿ ನೋಡುತ್ತಿದ್ದರು. ಅವನಿಗೆ ಏನೂ ಆಗಲಿಲ್ಲ. ಹೊಟ್ಟೆನೋವು ಕೂಡ ಬರಲಿಲ್ಲ. ಎಂದಿನಂತೆ ಎದ್ದು ನೆಲ ತೊಳೆದು ನಮಗೆ ಚಹಾ ಮಾಡಿಕೊಟ್ಟ. ನಾನು ಕುಡಿಯಲಿಲ್ಲ. ಅವನ ಕೈಯ ಚಹಾ ಎಂಬುದೇ ನನಗೆ ಅಸಹ್ಯವಾಗಿತ್ತು.

ನನ್ನ ವಿದ್ಯೆಯ ಲೆಕ್ಕದಲ್ಲಿ ಇದು ಹೇಗೂ ಕೂಡುವುದಿಲ್ಲ. ಬೇಯಿಸಿದ ಮೀನು ಅಂಥ ಚಳಿಯಲ್ಲಿ ಆ ಸ್ಥಿತಿಗೆ ಬರಲು ಅನೇಕ ದಿನ ಬೇಕು. ನೊಣ ಮೊಟ್ಟೆಯಿಟ್ಟು, ಅದು ಒಡೆದು ಹುಳುವಾಗಲು ಸಮಯ ಬೇಕು; ಆ ಕೋಣೆಯಲ್ಲಿ ನೊಣವೇ ಇರಲಿಲ್ಲ. ಯಾರೋ ಎಲೆ ಬದಲಾಯಿಸಿದರು ಎನ್ನೋಣವೆಂದರೆ ಬಾಗಿಲಿಗೆ ಲಾರೆನ್ಸ್ ಒರಗಿದ್ದರು. ನಮ್ಮ ಕಣ್ಣಿಗೆ ಭ್ರಮೆ ಕವಿಯಿತು ಎನ್ನೋಣವೆಂದರೆ, ಸಂಜೀವಣ್ಣ ತೊಳೆದ ಮೇಲೂ ನೆಲದ ಹಾಸುಗಲ್ಲಿನ ಮೇಲೆ ಎಲೆಯಷ್ಟಗಲದ ಕಲೆ ಉಳಿದದ್ದನ್ನು ಹಗಲಿನಲ್ಲಿ ಮೂವರೂ ನೋಡಿದ್ದೆವು. ನನ್ನ ಮಾರ್ಗದರ್ಶಕರಿಗೆ, ಬೇರೆ ಯಾರದೋ ಅನುಭವವೆಂಬಂತೆ, ಇದನ್ನು ಹೇಳಿದೆ. ಅವರು ದಿನಾಂಕ ಯಾವುದೆಂದು ಕೇಳಿದರು.

ಆಗಸ್ಟ್‌ನಲ್ಲಿ ಇರಾಕಿನ ಸೇನೆ ಬಂತು. ನಾವೆಲ್ಲ ಚದುರಿದೆವು. ನಾನೂ ಲಾರೆನ್ಸರೂ ಬಾಗ್ದಾದ್, ಅಮ್ಮಾನ್ ದಾಟಿ ಸೆಪ್ಟೆಂಬರ್‌ನಲ್ಲಿ ಊರು ಸೇರಿದೆವು. ಸಂಜೀವಣ್ಣನೂ ಬಂದಿದ್ದಾನೆಂದು ಆಮೇಲೆ ತಿಳಿಯಿತು. ೧೯೯೧ರ ಜನವರಿಯಲ್ಲಿ ಅವನನ್ನು ಹುಡುಕಿಕೊಂಡು ಹೋದೆ. ತಿಂಗಳ ಬಗ್ಗೆ ಸಂಶಯವಿಲ್ಲ, ಕುವೈತಿಗಾಗಿ ಯುದ್ಧ ಶುರುವಾದ ಸುದ್ದಿ ಅವರ ಮನೆಯ ರೇಡಿಯೋದಲ್ಲಿ ಬರುತ್ತಿತ್ತು. ಅಂಗಳದಲ್ಲಿ ಅವನ ಅಣ್ಣ ಬಲೆ ಸರಿಮಾಡುತ್ತ ಕುಳಿತಿದ್ದ. ಕುಶಲ ವಿಚಾರಿಸಿದ ಮೇಲೆ ನಾನು ಬಂದ ಕಾರಣಕ್ಕೇ ಬಂದೆ. ಆ ಸಂಜೆ ನಿಮಗೆ ನಿಜವಾಗಿ ವಾಸನೆ ಬಂದಿರಲಿಲ್ಲವೇ ಎಂದು ಕೇಳಿದೆ.

ಸಂಜೀವಣ್ಣ ಅಣ್ಣನ ಕಡೆ ನೋಡಿ ದನಿ ತಗ್ಗಿಸಿದ.

"ಬಂದಿತ್ತು ಡಾಕ್ಟ್ರೇ. ನಿಮಗಿಂತ ಮೊದಲೇ ಬಂದಿತ್ತು. ಬಾಗಿಲು ಮುಚ್ಚಿರುವಾಗ್ಲೇ."

"ಮತ್ತ ಇಲ್ಲ ಅಂದ್ರಲ್ಲ?"

"ಅಪ್ಪನ ಎದುರಿಗೆ ಹೇಗೆ ಹೇಳುದು?" ಎಂದ.

ಅಷ್ಟು ಹೇಳಿ ಎದ್ದು, ಮೀನು ಹುರಿಯುವ ಪರಿಮಳ ಬರುತ್ತಿದ್ದ ಒಳಮನೆಯ ಕಡೆ ತಿರುಗಿ ನನಗೂ ಒಂದು ಎಲೆ ಹಾಕಲು ಹೇಳಿದ. ನಾನು ಬಸ್ಸಿನ ಹೊತ್ತಾಯಿತೆಂದು ಹೇಳಿ ಹೊರಟುಬಿಟ್ಟೆ. ಬಸ್ಸಿಗೆ ಇನ್ನೂ ಬಹಳ ಸಮಯವಿತ್ತು. ನಿಲ್ದಾಣದ ಕಲ್ಲಿನ ಮೇಲೆ ಕುಳಿತು, ಮುಚ್ಚಿದ ಕೋಣೆಯಲ್ಲಿ ಏನು ನಡೆದಿರಬಹುದೆಂದು ಮತ್ತೆ ಮೊದಲಿನಿಂದ ಯೋಚಿಸಿದೆ. ಇಷ್ಟು ವರ್ಷಗಳ ಮೇಲೆ ಇಂದಿಗೂ ಅದು ತಿಳಿದಿಲ್ಲ.