ಹರಿಗೋಲಿಗೆ ಹುಡುಕಿದ ಜಾಗ

ನಮ್ಮವರು ತೀರಿಕೊಂಡು ಒಂದು ತಿಂಗಳಾಯಿತು. ಮನೆಗೆ ಬಂದವರೆಲ್ಲ, ಅವರು ಬಲು ಶಾಂತ ಮನುಷ್ಯ, ಯಾರಿಗೂ ಒಂದು ಮಾತು ಅಂದವರಲ್ಲ ಎಂದು ಹೇಳಿ ಹೋಗುತ್ತಾರೆ. ಹೌದು, ಅನ್ನಲಿಲ್ಲ. ಅನ್ನಬೇಕಾಗಿದ್ದವರಿಗೂ ಅನ್ನಲಿಲ್ಲ. ಅದಕ್ಕೇ ನಾನು ಬರೆಯಲು ಕೂತಿದ್ದೇನೆ. ನನ್ನ ತವರು ನಾರಾಯಣಪೇಟೆ. ಅಲ್ಲಿ ಅಯ್ಯನವರೊಬ್ಬರು ಮಠದ ಕಟ್ಟೆಯ ಮೇಲೆ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ನಾಲ್ಕು ವರ್ಷ ಕಲಿತ ಆ ಅಕ್ಷರ ಇಷ್ಟಕ್ಕೆ ಸಾಕು.

ನಮ್ಮವರದು ಅಂಬಿಗರ ಮನೆತನ. ಮಕ್ತಲ್‌ನಿಂದ ದಕ್ಷಿಣಕ್ಕೆ ನಡೆದರೆ ಕೃಷ್ಣೆಯ ದಂಡೆ. ಅಲ್ಲಿಂದ ಗದ್ವಾಲದ ಕಡೆಗೆ ಹೋಗುವವರನ್ನು ಹರಿಗೋಲಿನಲ್ಲಿ ದಾಟಿಸುವುದು ಅವರ ಕೆಲಸ. ಎರಡೂ ದಂಡೆಯ ಊರುಗಳವರು ಸುಗ್ಗಿಯಲ್ಲಿ ಕಣದಿಂದ ಜೋಳ ಕೊಡುತ್ತಿದ್ದರು. ಆ ಕಾಳು ಮನೆಗೆ ಬಂದ ಮೇಲೆ ವರ್ಷವಿಡೀ ದಂಡೆಯಿಂದ ಯಾರು ಕೂಗಿದರೂ ಹೋಗಬೇಕು. ಕೂಗಿದವರು ಯಾವ ಜಾತಿ, ಯಾವ ಊರು, ಯಾಕೆ ಓಡಿಬಂದಿದ್ದಾರೆ ಎಂದು ಅಂಬಿಗ ಕೇಳುವ ಹಾಗಿಲ್ಲ. ನಮ್ಮವರ ಅಪ್ಪ ಜ್ವರದಲ್ಲಿ ಎದ್ದು ಹೋಗಿ ದಾಟಿಸಿ ಬಂದು ಮಲಗಿದವರು ಮತ್ತೆ ಏಳಲಿಲ್ಲವಂತೆ. ಮನೆಯಲ್ಲಿ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ನನಗೆ ಆಗಲೂ ಸಿಟ್ಟು ಬರುತ್ತಿತ್ತು.

ನಾನು ಸೊಸೆಯಾಗಿ ಬಂದ ಎರಡನೇ ವರ್ಷವೇ ನಿಜಾಮನ ಪರವಾಗಿ ಬಂದೂಕು ಹಿಡಿದ ಆ ರಜಾಕಾರರ ಗದ್ದಲ. ಬೇಸಿಗೆಯಲ್ಲಿ ಊರಿನ ಚಳವಳಿಯ ಹುಡುಗರನ್ನು ಹುಡುಕಿಕೊಂಡು ಅವರು ಬರುತ್ತಿದ್ದರು. ನಮ್ಮವರು ಅಂಥ ಎಷ್ಟೋ ಹುಡುಗರನ್ನು ಹೊಳೆ ದಾಟಿಸಿದರು. ಅವರಲ್ಲಿ ನಮ್ಮೂರಿನ ಗೌಡರ ಮನೆಯ ಮಗನೂ ಒಬ್ಬ. ಅವನನ್ನು ಹರಿಗೋಲಿನ ತಳದಲ್ಲಿ ಮಲಗಿಸಿ, ಮೇಲೆ ಹುಲ್ಲಿನ ಹೊರೆ ಹಾಕಿ, ಹೊರೆಯ ಮೇಲೆ ನನ್ನನ್ನು ಕೂರಿಸಿ ಕರೆದೊಯ್ದಿದ್ದರು. ಅವನ ಹೆಸರು ಬರೆಯುವುದಿಲ್ಲ. ಬರೆದರೆ ಅವನಿಗೆ ಇನ್ನೂ ಒಂದು ಗೌರವವಾದೀತು.

ಮಳೆಗಾಲದಲ್ಲಿ ರಜಾಕಾರರು ಡಂಗುರ ಹೊಡೆಸಿದರು. ಹರಿಗೋಲುಗಳನ್ನೆಲ್ಲ ಚಾವಡಿಗೆ ತಂದು ಒಪ್ಪಿಸಬೇಕು. ಒಪ್ಪಿಸದಿದ್ದ ಒಬ್ಬ ಅಂಬಿಗನನ್ನು ಚಾವಡಿಯ ಮುಂದೆಯೇ ಕಟ್ಟಿ ಹೊಡೆದರು. ಮರುದಿನ ನಮ್ಮವರು ನನ್ನನ್ನೂ ಅತ್ತೆಯನ್ನೂ ಹರಿಗೋಲಿನಲ್ಲಿ ಕೂರಿಸಿ ನೀರು ಹೋಗುವ ಕಡೆಗೆ ಬಿಟ್ಟರು. ಸಂಗಮ ದಾಟಿದರೆ ಕರ್ನೂಲಿನ ಸೀಮೆ, ಅಲ್ಲಿ ಅತ್ತೆಯ ತಮ್ಮನ ಮನೆ. ಬ್ರಿಟಿಷರು ಹೋಗಿ ವರ್ಷವಾಗಿದ್ದರೂ ಅತ್ತೆ ಅದನ್ನು ‘ಇಂಗ್ರೇಜಿನವರ ಕಡೆ’ ಎಂದೇ ಅನ್ನುತ್ತಿದ್ದರು. ನನಗೆ ಆಗ ಐದು ತಿಂಗಳು. ಅತ್ತೆಗೆ ಒಂದು ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಅವರು ಆ ಕಾಲನ್ನು ಹರಿಗೋಲಿನ ಅಂಚಿನ ಮೇಲೆ ಚಾಚಿ ಕೂತರು.

ಹರಿಗೋಲು ಮರದ ದೋಣಿಯಂತೆ ಅಲ್ಲ. ಬಿದಿರಿನ ಬುಟ್ಟಿಗೆ ಎಮ್ಮೆಯ ತೊಗಲು ಹೊಲಿದದ್ದು. ಇಡೀ ದಿನ ನೀರಿನಲ್ಲಿದ್ದರೆ ತೊಗಲು ಮೆತ್ತಗಾಗುತ್ತದೆ, ಆಮೇಲೆ ಸಣ್ಣ ಕಲ್ಲು ತಾಗಿದರೂ ಹರಿಯುತ್ತದೆ. ಸಂಜೆಗೆ ಮೇಲೆ ಎಳೆದು ಬೋರಲು ಹಾಕಿ ಒಣಗಿಸಲೇಬೇಕು. ಬೋರಲು ಹಾಕಿದರೆ ದೂರದಿಂದ ಕಾಣುತ್ತದೆ. ಆದ್ದರಿಂದ ಪ್ರತಿ ದಿನ ಹೊತ್ತು ಇಳಿಯುವ ಮುಂಚೆ ನಮ್ಮವರು ಎರಡೂ ದಂಡೆಯನ್ನು ನೋಡುತ್ತ ಹುಟ್ಟು ಹಾಕುತ್ತಿದ್ದರು. ಹರಿಗೋಲಿನಷ್ಟೇ ದೊಡ್ಡ ಕರಿ ಬಂಡೆಗಳಿರಬೇಕು, ಆಗ ಅದೂ ಒಂದು ಬಂಡೆಯಂತೆ ಕಾಣುತ್ತದೆ. ದನ ನೀರಿಗಿಳಿದ ಹೆಜ್ಜೆ ಇರಬಾರದು. ಮೊಸಳೆ ಹೊಟ್ಟೆ ಎಳೆದ ಗುರುತಿರಬಾರದು. ಹಿಂದಿನ ಸಲ ಹೊಳೆ ಬಂದಾಗ ಪೊದೆಗೆ ಸಿಕ್ಕಿಕೊಂಡ ಕಸ ಎಷ್ಟು ಎತ್ತರದಲ್ಲಿದೆ ಎಂದು ನೋಡಿ, ಅದಕ್ಕಿಂತ ಮೇಲೆ ಇಳಿಯಬೇಕು. ಒಲೆಯ ಹೊಗೆ ಜಾಲಿಯ ಮುಳ್ಳಿನೊಳಗೆ ಹಾದು ಚೆದುರಬೇಕು.

ಮೊದಲನೇ ಸಂಜೆ ಸಿಕ್ಕಿದ್ದು ಬರೀ ಮರಳು. ಎರಡನೇ ಸಂಜೆ ಒಳ್ಳೆಯ ಬಂಡೆಗಳು ಸಿಕ್ಕವು, ಆದರೆ ಮೇಲಿನ ಹೊಲದ ಕಾವಲುಗಾರ ಬಂದ.

“ಪೋಂಡಿ, ಪೋಂಡಿ, ಹೋಗ್ರಿ! ಇಲ್ಲಿ ಹರಗೋಲ ಕಂಡ್ರ ನನ್ನ ಚರ್ಮಾ ಸುಲದು ಅದಕ್ಕ ಹೊಲಿತಾರ!”

“ನಿನ್ನ ಚರ್ಮಾ ಒಂದು ಹೊಲಿಗಿಗೂ ಸಾಲಂಗಿಲ್ಲೋ ತಮ್ಮಾ, ಎಮ್ಮೀದೇ ಬೇಕು” ಎಂದರು ಅತ್ತೆ. ಅವನು ನಗಲಿಲ್ಲ. ನಾವು ಹೊರಟೆವು.

ಮೂರನೇ ದಿನ ನಮ್ಮವರಿಗೆ ಮನಸ್ಸಿಗೆ ಬಂದ ಜಾಗ ಸಿಕ್ಕಿತು. ಅದು ಗದ್ವಾಲದ ಕಡೆಯ ದಂಡೆಗೆ ಹತ್ತಿರವಿದ್ದ ಒಂದು ನಡುಗಡ್ಡೆ. ಸುತ್ತ ಕರಿ ಬಂಡೆ, ನಡುವೆ ಜಾಲಿ. ಹರಿಗೋಲನ್ನು ಬೋರಲು ಹಾಕಿ ಅವರು ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದರು. ಮತ್ತೆ ಹೋಗಿ ತೊಗಲು ಮುಟ್ಟಿ ಬಂದರು.

“ಹರಗೋಲ ಒಣಗೇತೇನು ಅಂತ ಹತ್ತು ಸಲ ನೋಡ್ತಿ, ಹಡದವ್ವ ಒಣಗ್ಯಾಳೇನು ಅಂತ ಒಂದು ಸಲನೂ ನೋಡ್ಲಿಲ್ಲ” ಎಂದರು ಅತ್ತೆ, ತೊಯ್ದ ಸೀರೆ ಹಿಂಡುತ್ತ.

“ನಿನಗೇನ್ ಆಗ್ತೈತಿ ಬಿಡಬೇ, ನಿನ್ನ ತೊಗಲು ಅದಕ್ಕಿಂತ ಗಟ್ಟಿ ಐತಿ.”

“ಕೇಳಿದೇನವ್ವಾ ಇವನ ಮಾತು? ನಿನ್ನ ಹೊಟ್ಟ್ಯಾಗಿಂದು ಗಂಡಾದ್ರ ಹಿಂಗ ಮಾತಾಡ್ತೈತಿ. ಹೆಣ್ಣು ಹಡಿ.”

ನಾವು ನಕ್ಕೆವು. ಆದರೆ ನಮ್ಮವರ ಲೆಕ್ಕದಲ್ಲಿ ಒಂದು ತಪ್ಪಿತ್ತು. ಅದು ಹರಿಗೋಲಿಗೆ ಒಳ್ಳೆಯ ಜಾಗ. ಮನುಷ್ಯರಿಗೆ ಅಲ್ಲಿ ಹರಿಗೋಲು ಇರುವವರೆಗೆ ಮಾತ್ರ ಒಳ್ಳೆಯದು. ನಾಲ್ಕೂ ಕಡೆ ನೀರಿರುವ ನೆಲದಲ್ಲಿ ಇಬ್ಬರು ಹೆಂಗಸರನ್ನು, ಒಬ್ಬಳು ಬಸುರಿ, ಒಬ್ಬಳು ಕುಂಟಿ, ಇಳಿಸುವಾಗ ಒಬ್ಬ ಅಂಬಿಗನಿಗೆ ಇದು ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಅವರ ಕೈಗೆ ಹರಿಗೋಲು ಇಲ್ಲದ ದಿನವೇ ಬಂದಿರಲಿಲ್ಲ.

ಮರುದಿನ ಉತ್ತರಿ ಮಳೆ ಹಿಡಿಯಿತು. ಆಕಾಶದಲ್ಲಿ ವಿಮಾನ ಹೋಯಿತು. ಮುಂದೆ ಎರಡು ದಿನ ಬಿಟ್ಟು, ಬಲೆ ಬಿಡಲು ಬಂದ ಮೀನುಗಾರನೊಬ್ಬ ಗದ್ವಾಲದ ದಂಡೆಯಿಂದ ಕೂಗಿ ಹೇಳಿದ: “ಮುಗೀತಂತ್ರೀ! ಪೌಜು ಬಂದೈತಂತ, ನಿಜಾಮ ಕೈ ಎತ್ತಿದನಂತ!”

ಅತ್ತೆ ಅಳತೊಡಗಿದರು. ಮನೆಗೆ ಹೋಗೋಣ ಎಂದರು. ನಮ್ಮವರು ಒಂದು ದಿನ ತಡೆಯೋಣ, ಹೊತ್ತು ಇಳಿದಿದೆ, ನೀರಿಗೆ ಎದುರಾಗಿ ಹರಿಗೋಲು ಹೋಗುವುದಿಲ್ಲ, ಊರಿನವರೆಗೆ ಅದನ್ನು ಹೊತ್ತು ನಡೆಯಬೇಕಾಗುತ್ತದೆ, ನಾಳೆ ಬೆಳಗ್ಗೆ ದಂಡೆ ಹತ್ತಿ ಹೊರಡೋಣ ಎಂದರು. ನೀರು ಎಷ್ಟು ಏರುತ್ತದೆ ಎಂದು ತಿಳಿಯಲು ಅದರ ಅಂಚಿಗೆ ಒಂದು ಕೋಲು ನೆಟ್ಟರು. ಬೆಳಗಾದಾಗ ಆ ಕೋಲು ನೀರಿನೊಳಗೆ ಒಂದು ಮೊಳ ಹೋಗಿತ್ತು.

ಆ ಬೆಳಗ್ಗೆ ಗಂಟು ಕಟ್ಟುತ್ತಿದ್ದೆ. ಗದ್ವಾಲದ ದಂಡೆಯಿಂದ ಕೂಗು ಬಂತು.

“ಓ ಅಂಬಿಗಣ್ಣಾ! ಬಾರೋ ಅಣ್ಣಾ!”

ಹೆಂಗಸಿನ ದನಿ. ಬುರ್ಖಾ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ ಒಬ್ಬಳು, ಎರಡು ಮಕ್ಕಳು, ಒಬ್ಬ ಮುದುಕ. ಗಾಳಿಗೆ ಅವಳ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಊರಿನಲ್ಲಿ ಮನೆಗಳಿಗೆ ಬೆಂಕಿ ಇಟ್ಟಿದ್ದಾರೆ, ಗಂಡನನ್ನು ಎಳೆದುಕೊಂಡು ಹೋಗಿದ್ದಾರೆ, ಮಕ್ತಲ್‌ನ ಕಡೆ ತವರಿದೆ, ದಾಟಿಸು ಎನ್ನುತ್ತಿದ್ದಳು.

ನಮ್ಮವರು ಆಗಲೇ ಹರಿಗೋಲನ್ನು ಮಗುಚುತ್ತಿದ್ದರು.

“ಮೊದ್ಲು ನಮ್ಮನ್ನ ಇಳಿಸ್ರಿ” ಎಂದೆ.

“ಹೊಳಿ ಏರಾಕತ್ತೈತಿ. ಅವ್ರನ್ನ ಈಗ ದಾಟ್ಸಿಲ್ಲಂದ್ರ ಆಮ್ಯಾಗ ಆಗಂಗಿಲ್ಲ. ಹೋಗೂದು, ಬರೂದು.”

“ನಿಮ್ಮ ಅವ್ವಗ ಕಾಲಿಲ್ಲ. ನಾ ಎರಡು ಜೀವದಾಕಿ.”

“ಕೂಗ್ಯಾರಲ್ಲ” ಎಂದರು. ಅಷ್ಟೇ. ಕೂಗಿದ್ದಾರೆ. ಅವರಪ್ಪ ತಿಂದ ಜೋಳ, ಅವರಜ್ಜ ತಿಂದ ಜೋಳ, ಎಲ್ಲ ಆ ಒಂದು ಮಾತಿನಲ್ಲಿತ್ತು. ಅತ್ತೆ ನನ್ನ ಕೈ ಹಿಡಿದು “ಹೋಗ್ಲಿ ಬಿಡವ್ವಾ, ಆಕೀ ಮಕ್ಕಳೂ ಮಕ್ಕಳೇ” ಎಂದರು. ಅದು ನಿಜ. ಅದನ್ನು ನಾನು ಅಂದೂ ಅಲ್ಲಗಳೆಯಲಿಲ್ಲ, ಇಂದೂ ಇಲ್ಲ. ನನ್ನ ಸಿಟ್ಟು ಆ ಹೆಂಗಸಿನ ಮೇಲಲ್ಲ.

ಅವರನ್ನು ಹತ್ತಿಸಿಕೊಂಡು ಹರಿಗೋಲು ನಡುಹೊಳೆಗೆ ಹೋಯಿತು, ತಿರುಗುತ್ತ ತಿರುಗುತ್ತ ಕೆಳಗೆ ಜಾರಿ ಮಕ್ತಲ್‌ನ ಕಡೆಯ ದಂಡೆ ಮುಟ್ಟಿತು. ಅಷ್ಟು ದೂರಕ್ಕೆ ಮನುಷ್ಯರು ಬೆರಳಿನಷ್ಟು ಕಾಣುತ್ತಿದ್ದರು. ಹೆಂಗಸು, ಮಕ್ಕಳು ಇಳಿದು ಸಜ್ಜೆಯ ಹೊಲದೊಳಗೆ ಓಡಿದ್ದು ಕಂಡೆ. ಮುದುಕ ಹಿಂದೆ ಉಳಿದ. ಆಮೇಲೆ ದಂಡೆಯ ಮೇಲಿಂದ ಏಳೆಂಟು ಜನ ಇಳಿದು ಬಂದರು. ಒಬ್ಬನ ಕೈಯಲ್ಲಿ ಮೂರು ಬಣ್ಣದ ಬಾವುಟವಿತ್ತು. ಇಬ್ಬರು ಹೊಲದೊಳಗೆ ಹೋದರು. ಉಳಿದವರು ಹರಿಗೋಲಿನ ಸುತ್ತ ನಿಂತರು. ಅದು ಒಮ್ಮೆ ಮೇಲೆದ್ದು ಬಿತ್ತು. ಅವರು ಹೋದ ಮೇಲೆ ಅದು ಅಲ್ಲೇ ಇತ್ತು, ಆದರೆ ನೀರಿಗೆ ಬರಲಿಲ್ಲ.

ಆ ಹೆಂಗಸು, ಮಕ್ಕಳು, ಮುದುಕ ಏನಾದರು ಎಂದು ನನಗೆ ಗೊತ್ತಿಲ್ಲ. ಗೊತ್ತಿದ್ದವರು ಹೇಳಲಿಲ್ಲ.

ಹೊತ್ತು ನೆತ್ತಿಗೆ ಬಂತು. ನಾವು ಒಲೆ ಹಾಕಿದ್ದ ಜಾಗದ ಮೇಲೆ ನೀರು ಬಂತು. ಅತ್ತೆಯನ್ನು ಎಲ್ಲಕ್ಕಿಂತ ಎತ್ತರದ ಬಂಡೆಯ ಮೇಲೆ ಕೂರಿಸಿದೆ. ಆಗ ನಮ್ಮವರು ನೀರಿನಲ್ಲಿ ಕಂಡರು. ತೇಲಲು ಬೆನ್ನಿಗೆ ಎರಡು ಒಣ ಸೋರೆಬುರುಡೆ ಕಟ್ಟಿಕೊಂಡು, ಮೇಲಿನಿಂದ ಈಜುತ್ತ ಬಂದರು. ಒಂದು ಕಣ್ಣು ಮುಚ್ಚಿಹೋಗಿತ್ತು. ಬಂಡೆ ಹಿಡಿದು ಉಸಿರು ಬಿಡುತ್ತ, ಹರಿಗೋಲನ್ನು ಕುಡುಗೋಲಿನಿಂದ ಅಂಚಿನಿಂದ ತಳದವರೆಗೆ ಕೊಯ್ದರು ಎಂದರು. ಕೊಯ್ದವನು ನಮ್ಮೂರಿನ ಗೌಡರ ಮಗ, ಪೌಜು ಬಂದ ಮೇಲೆ ಗುಂಪು ಕಟ್ಟಿಕೊಂಡು ದಂಡೆಯುದ್ದಕ್ಕೂ ತಿರುಗುತ್ತಿದ್ದಾನೆ ಎಂದರು. ತುರುಕರನ್ನು ದಾಟಿಸುತ್ತೀಯಾ ಎಂದು ಹೊಡೆದನಂತೆ.

ಬುರುಡೆಗೆ ಒಬ್ಬರನ್ನಷ್ಟೇ ಕಟ್ಟಬಹುದು.

“ಯವ್ವಾ, ಬಾ” ಎಂದರು ನಮ್ಮವರು.

“ಹುಚ್ಚಪ್ಪಾ, ಹೊಟ್ಟ್ಯಾಗ ಇರೂದನ್ನ ಮೊದ್ಲು ದಾಟ್ಸು. ನಾ ಏನು ಎದ್ದು ಓಡಿ ಹೋಗ್ತೀನೇನು ಈ ಕಾಲು ತಗೊಂಡು?”

ನನ್ನನ್ನು ಬುರುಡೆಗೆ ಕಟ್ಟಿ ಗದ್ವಾಲದ ದಂಡೆಗೆ ತಂದರು. ಆ ಸೆಳೆತದಲ್ಲಿ ನೆಟ್ಟಗೆ ದಾಟಲು ಆಗುವುದಿಲ್ಲ, ಬಹಳ ಕೆಳಗೆ ಹೋಗಿ ದಂಡೆ ಸಿಗುತ್ತದೆ. ಮತ್ತೆ ದಂಡೆಯ ಮೇಲೆ ಓಡುತ್ತ ನಡುಗಡ್ಡೆಗಿಂತ ಮೇಲೆ ಹೋಗಿ ಅಲ್ಲಿಂದ ಬೀಳಬೇಕು. ಅವರು ಓಡಿದರು. ನಾನು ಹಿಂದೆ ನಡೆದೆ. ಅವರು ಮತ್ತೆ ನೀರಿಗೆ ಬೀಳುವಾಗ ಬಂಡೆ ಕಾಣುತ್ತಿತ್ತು, ಬಂಡೆಯ ಮೇಲೆ ಅತ್ತೆಯ ಕೆಂಪು ಸೀರೆ ಕಾಣುತ್ತಿತ್ತು. ಅವರು ಅಲ್ಲಿಗೆ ಹೋಗಿ ಮುಟ್ಟುವಾಗ ಜಾಲಿಯ ತುದಿಗಳು ಮಾತ್ರ ಇದ್ದವು. ಕತ್ತಲಾಗುವವರೆಗೆ ಅವರು ಆ ತುದಿಗಳ ನಡುವೆ ಈಜುತ್ತಿದ್ದರು. ಅತ್ತೆಯ ಹೆಣವೂ ನಮಗೆ ಸಿಗಲಿಲ್ಲ.

ಹರಿಗೋಲು ಇದ್ದಿದ್ದರೆ ಮೂವರೂ ಒಂದೇ ಸಲಕ್ಕೆ ದಾಟುತ್ತಿದ್ದೆವು. ಈ ಒಂದು ಮಾತನ್ನು ನಾನು ಇಷ್ಟು ವರ್ಷ ಬಾಯಿ ಬಿಟ್ಟು ಹೇಳಿಲ್ಲ, ಮರೆತೂ ಇಲ್ಲ.

ಒಂದು ಪ್ರಶ್ನೆ ಮಾತ್ರ ನಮ್ಮವರನ್ನು ಕೇಳುತ್ತಿದ್ದೆ. ಬಾಣಂತಿಯಾಗಿದ್ದಾಗ ಕೇಳಿದೆ, ಮಗಳ ಮದುವೆಯಾದ ಮೇಲೂ ಕೇಳಿದೆ. ‘ನಡುಗಡ್ಡೆಯಲ್ಲಿ ಅವ್ವ ಇದ್ದಾಳೆ ಎಂದು ಹರಿಗೋಲು ಕೊಯ್ದವರಿಗೆ ಹೇಳಿದಿರಾ?’ ಕೇಳಿದಾಗಲೆಲ್ಲ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಹೇಳಿರಲಿಕ್ಕಿಲ್ಲ, ಹೊಡೆಯುವವರ ಮುಂದೆ ಬಾಯಿ ಕಟ್ಟಿರಬೇಕು, ಅಥವಾ ಬೇಡಿಕೊಳ್ಳಲು ಮನಸ್ಸು ಬಂದಿರಲಿಕ್ಕಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡೇ ಅವರ ಜೊತೆ ಬಾಳಿದೆ. ರೊಟ್ಟಿ ಬಡಿಸುವಾಗಲೂ ಆ ಸಿಟ್ಟು ನನ್ನ ಕೈಯಲ್ಲಿತ್ತು. ಅವರು ಮುಂದಿನ ಬೇಸಿಗೆಯಲ್ಲಿ ಹೊಸ ಹರಿಗೋಲು ಹೊಲಿದರು. ಗೌಡರ ಮಗ ದಂಡೆಗೆ ಬಂದು ಕೂಗಿದಾಗ ಅವನನ್ನೂ ದಾಟಿಸಿದರು. ಆಮೇಲೆ ನಾನು ಎರಡು ದಿನ ಒಲೆ ಹಚ್ಚಲಿಲ್ಲ.

ಗೌಡರ ಮಗ ದೊಡ್ಡ ಮನುಷ್ಯನಾದ. ಪ್ರತಿ ವರ್ಷ ಶಾಲೆಯಲ್ಲಿ ಬಾವುಟ ಏರಿಸಿ, ಹುಲ್ಲಿನ ಹೊರೆಯ ಕೆಳಗೆ ಅಡಗಿ ಹೊಳೆ ದಾಟಿದ ಕಥೆ ಹೇಳುತ್ತಿದ್ದ. ಸರ್ಕಾರದಿಂದ ಹೋರಾಟಗಾರರ ಪಿಂಚಣಿ ಬರುತ್ತಿತ್ತು. ನಮ್ಮವರ ಹನ್ನೊಂದನೇ ದಿನಕ್ಕೆ ಅವನೂ ಬಂದ. ಹಾರ ತಂದು ನಮ್ಮವರ ಫೋಟೋಕ್ಕೆ ಹಾಕಿದ. ಇಬ್ಬರು ಹಿಡಿದುಕೊಂಡು ಅವನನ್ನು ಕುರ್ಚಿಯಲ್ಲಿ ಕೂರಿಸಿ ಹೊರಗೆ ಹೋದರು.

“ಯವ್ವಾ, ನಿಮ್ಮವ್ರೂ ನಮ್ಮ ಜೋಡಿ ಹೋರಾಟದಾಗ ಇದ್ರು ಅಂತ ನಾ ಬರ್ಕೊಡ್ತೀನಿ. ನಿಮಗ ಪಿಂಚಣಿ ಆಗ್ತೈತಿ” ಎಂದ.

“ನನಗದು ಬ್ಯಾಡ್ರಿ. ಒಂದು ಮಾತು ಹೇಳ್ರಿ. ನೀವು ಹರಗೋಲ ಕೊಯ್ಯಾಕ ಮೊದ್ಲು, ನಡುಗಡ್ಡ್ಯಾಗ ಅವ್ವ ಅದಾಳ ಅಂತ ಅವ್ರು ನಿಮಗ ಹೇಳಿದ್ರೇನು?”

ನೆನಪಿಲ್ಲ ಎನ್ನುತ್ತಾನೆ ಎಂದುಕೊಂಡೆ.

“ಹೇಳಿದ್ದ” ಎಂದ. “ಕಾಲು ಹಿಡಕೊಂಡು ಹೇಳಿದ್ದ. ಅವ್ವ ಅದಾಳ, ಬಸುರಿ ಹೇಣ್ತಿ ಅದಾಳ, ಒಂದು ಸಲ ಹೋಗಿ ಬರ್ತೀನಿ, ಆಮ್ಯಾಗ ನನ್ನ ಕಡದ್ರೂ ಕಡೀರಿ ಅಂದಿದ್ದ. ನಾವು ಸುಳ್ಳು ಅಂದ್ಕೊಂಡ್ವಿ. ಆ ಕಾಲ ಹಂಗಿತ್ತವ್ವಾ.”

“ಸುಳ್ಳು ಅಂದ್ಕೊಂಡ್ರೇನು, ಖರೇ ಅಂತ ಗೊತ್ತಿದ್ದೂ ಕೊಯ್ದ್ರೇನು?”

ಅವನು ಬಾಗಿಲ ಕಡೆ ತಿರುಗಿ, ತನ್ನನ್ನು ಕರೆತಂದವರನ್ನು ಹುಡುಕಿದ. ನನಗೆ ಅದೇ ಸಾಕಿತ್ತು. ಹಾರವನ್ನು ಫೋಟೋದ ಮೇಲಿಂದ ತೆಗೆದು ಅವನ ತೊಡೆಯ ಮೇಲೆ ಇಟ್ಟೆ. ಅವನು ಏಳಲು ನೋಡಿದ, ಮುಪ್ಪಿನ ಮಂಡಿ ಏಳಗೊಡಲಿಲ್ಲ. ಅಂದು ನನ್ನ ಹೊಟ್ಟೆಯಲ್ಲಿದ್ದ ಮಗಳು ಬಾಗಿಲಲ್ಲಿ ನಿಂತಿದ್ದಳು. ಹಿಡಿದು ಎಬ್ಬಿಸಲು ಮುಂದೆ ಬಂದಳು. ನಾನು ಬೇಡ ಎಂದೆ. ಕುರ್ಚಿಯ ಕೈ ಹಿಡಿದು ಅವನು ಮೂರು ಸಲ ಏಳಲು ಹೋಗಿ ಮೂರು ಸಲ ಕುಸಿದ. ನಾವು ಇಬ್ಬರೂ ನೋಡುತ್ತ ನಿಂತೆವು.