ಬೆಳೆ, ಬೆಲೆ ಮತ್ತು ಉಸಿರಾಡದ ಆಲ್ಟೊ

ಮನುಷ್ಯನ ಕಂಠ ದೇವರೇ ಕಟ್ಟಿಕೊಟ್ಟ ವಾದ್ಯ. ಅದಕ್ಕೆ ಬದಲಿ ಎಂಬುದಿಲ್ಲ. ಈ ಸತ್ಯವನ್ನು ನಮ್ಮ ದೇವಾಲಯದ ಕ್ವಾಯರಿನ, ಅಂದರೆ ಚರ್ಚಿನ ಗಾಯಕವೃಂದದ, ಮುಂದೆ ನಿಂತು ಇಪ್ಪತ್ತೆಂಟು ವರ್ಷ ಸಾರಿದ್ದೇನೆ. ಹೋದ ಸುಗ್ಗಿ ಹಬ್ಬಕ್ಕೆ ಹನ್ನೆರಡು ದಿನ ಇರುವಾಗ ಬದಲಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ.

ಕಾರಣ ಸಿಸ್ಟರ್. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮಿಂದ ಮೂರು ಮನೆ ಆಚೆ ಇರುವ ನಿವೃತ್ತ ನರ್ಸಬಾಯಿ, ಕ್ವಾಯರಿನ ಆಲ್ಟೊಗಳ ಮುಖ್ಯಸ್ಥೆ. ಆಲ್ಟೊ ಎಂದರೆ ಹೆಣ್ಣುಮಕ್ಕಳ ಕೆಳಗಿನ ಧಾಟಿ. ಅದು ಪಂಖಾದ ಸದ್ದಿದ್ದಂತೆ, ನಿಂತಾಗ ಮಾತ್ರ ಗೊತ್ತಾಗುತ್ತದೆ. ಸಿಸ್ಟರ್ ಬಿಟ್ಟರೆ ಇನ್ನು ಮೂವರು ಆಲ್ಟೊಗಳಿದ್ದಾರೆ. ಮೂವರಿಗೂ ಸ್ವರಲಿಪಿ ಓದಲು ಬರುವುದಿಲ್ಲ. ಸಿಸ್ಟರ್ ಹಾಡಿದ್ದನ್ನು ಕಿವಿಯಿಂದ ಹಿಡಿದು ಹಾಡುವವರು. ಆ ಮೂವರನ್ನೇ ಹಾಡಲು ಬಿಟ್ಟರೆ ಎರಡನೆಯ ಸಾಲಿಗೆಲ್ಲ ಮೇಲಿನ ಧಾಟಿಗೆ ಹತ್ತಿ, ಅಲ್ಲಿಯೇ ಸಂಸಾರ ಹೂಡುತ್ತಾರೆ.

ಆ ಸಲ ಸಿಸ್ಟರ್ ಕೊರಳಿನ ಗಂಟಿಗೆ ಶಸ್ತ್ರಕ್ರಿಯೆ ಆಯಿತು. ಎರಡು ತಿಂಗಳು ಹಾಡು ಬೇಡ, ಮೊದಲ ಮೂರು ವಾರ ಮಾತೂ ಬೇಡ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಸಿಸ್ಟರ್ ಒಂದು ಪಾಟಿ, ಒಂದು ಬಳಪ ತರಿಸಿಕೊಂಡರು. ಬಾಯಿ ಕಟ್ಟಿದ ಮೇಲೆ ಅವರ ಮಾತು ಕಡಿಮೆಯಾಗಲಿಲ್ಲ. ಅಕ್ಷರ ದೊಡ್ಡವಾದವು, ಅಷ್ಟೆ.

ಅವರಿಲ್ಲದ ಮೊದಲ ಅಭ್ಯಾಸ ಹೇಗಾಯಿತೆಂದು ವರ್ಣಿಸುವುದು ಕ್ರೈಸ್ತ ಪ್ರೀತಿಗೆ ತಕ್ಕದ್ದಲ್ಲ. ಸಭಾಪಾಲಕರಾದ ಅಯ್ಯನವರು ಕೇಳಿ, ಸಮಾಧಾನದಿಂದ ಹೇಳಿದರು: "ಎಲ್ಲಾರೂ ಒಂದ ಧಾಟಿ ಹಾಡಿಬಿಡ್ರಿ ಮಾಸ್ತರ್ರ. ದೇವರದೇನೂ ತಕರಾರ ಇರಂಗಿಲ್ಲ."

ಹಿಂದಿನ ಬೆಂಚಿನಲ್ಲಿ ಕೂತಿದ್ದ ಸಿಸ್ಟರ್ ಪಾಟಿ ಎತ್ತಿದರು. "ನಂದ ಐತಿ." ಒರೆಸಿ ಮತ್ತೆ ಬರೆದರು. "ಹಬ್ಬದ ಹಿಂದಿನ ಶನಿವಾರದೊಳಗ ಇವರು ಕಲೀಲಿಲ್ಲಂದ್ರ ರವಿವಾರ ಹಬ್ಬಕ್ಕ ನಾನ ನಿಂತು ಹಾಡತೇನಿ."

ಅವರು ಹೆದರಿಸಲು ಬರೆಯುವವರಲ್ಲ. ನಲವತ್ತು ವರ್ಷ ರೋಗಿಗಳಿಗೆ ಡಾಕ್ಟರ ಮಾತು ಮೀರಬೇಡಿರೆಂದು ಹೇಳಿದವರು ತಾವು ಮೀರಲು ಪೂರ್ತಿ ತಯಾರಾಗಿದ್ದರು. ಆ ಕೊರಳು ಹೋದರೆ ಹೋಗಲು ಕಾರಣ ನಾನು ಮತ್ತು ನನ್ನ ಮೂರು ಆಲ್ಟೊಗಳು.

ನನ್ನ ಕಂಪ್ಯೂಟರಿನಲ್ಲಿ ಹಾಡು ಜೋಡಿಸುವ ಒಂದು ಸಾಫ್ಟ್‌ವೇರ್ ಮೊದಲೇ ಇತ್ತು. ಆರ್ಗನ್ನಿಗೆ ಒಂದು ಟ್ರ್ಯಾಕು, ಪ್ರತಿ ಧಾಟಿಗೆ ಒಂದೊಂದು. ನಿವೃತ್ತ ಗಣಿತ ಮಾಸ್ತರನಿಗೆ ಒಪ್ಪುವ ಅಚ್ಚುಕಟ್ಟು ವ್ಯವಸ್ಥೆ. ಆದರೆ ಕೀಬೋರ್ಡಿನಲ್ಲಿ ಬಾರಿಸಿದ ಆಲ್ಟೊ ಕಳಿಸಿದರೆ ಆ ಮೂವರು "ಪೀಪಿ ಊದಿದಂಗ ಕೇಳಸ್ತೈತ್ರಿ" ಎನ್ನುತ್ತಿದ್ದರು. ಅವರಿಗೆ ಬೇಕಾದದ್ದು ಹೆಂಗಸಿನ ದನಿ, ಪದಗಳ ಸಮೇತ. ಆ ಸಾಫ್ಟ್‌ವೇರಿಗೆ ಜೋಡಿಸಿಕೊಳ್ಳುವ ಅಂಥದ್ದೇ ಒಂದು ಪ್ಲಗಿನ್ ಇದೆ ಎಂದು ಓದಿದ್ದೆ. ಪರದೆಯ ಮೇಲೆ ಸ್ವರಕ್ಕೊಂದು ಪಟ್ಟಿ ಎಳೆದು, ಅದರ ಮೇಲೆ ಅಕ್ಷರ ಬರೆದರೆ, ಅದು ಹಾಡುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ ಒಳ್ಳೆಯ ಹೆಡ್‌ಫೋನು ತಂದು, ಪ್ರಾರ್ಥನೆ ಮಾಡಿ, ಅದನ್ನು ಇಳಿಸಿಕೊಂಡೆ.

ಇಳಿಸಿಕೊಂಡೆ, ಆದರೆ ಅದು ಕಾಣಲಿಲ್ಲ. ಸಾಫ್ಟ್‌ವೇರ್ ಪ್ಲಗಿನ್‌ಗಳನ್ನು ಹುಡುಕುವ ಫೋಲ್ಡರ್ ಒಂದು, ಇದು ಹೋಗಿ ಕೂತದ್ದು ಇನ್ನೊಂದು. ಅರ್ಜಿ ಒಂದು ಟೇಬಲ್ಲಿನಲ್ಲಿ, ಸಾಹೇಬರು ಇನ್ನೊಂದು ಕೋಣೆಯಲ್ಲಿ ಇದ್ದಂತೆ. ದಾರಿ ತೋರಿಸಿ ಮತ್ತೆ ಹುಡುಕಲು ಹೇಳಿದಾಗ ಪಟ್ಟಿಯಲ್ಲಿ ಅದರ ಹೆಸರು ಮೂಡಿತು. ಎಸೆಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ನನ್ನ ನಂಬರು ಕಂಡ ದಿನವೂ ನಾನು ಅಷ್ಟು ಎತ್ತರ ಹಾರಿರಲಿಲ್ಲ.

ಮೊದಲ ಸಲ ಹಾಡಿಸಿದಾಗ ಆರ್ಗನ್ನು ಎರಡನೆಯ ಸಾಲಿನಲ್ಲಿರುವಾಗಲೇ ಪ್ಲಗಿನ್ನಿನೊಳಗಿನ ಆಕೆ ಇಡೀ ಚರಣ ಮುಗಿಸಿ ಸುಮ್ಮನಾದಳು, ಊಟಕ್ಕೆ ತಡವಾದವಳಂತೆ. ಪ್ಲಗಿನ್‌ಗೆ ತನ್ನದೇ ಒಂದು ವೇಗವಿತ್ತು. ಮನೆಯ, ಅಂದರೆ ಸಾಫ್ಟ್‌ವೇರಿನ, ವೇಗಕ್ಕೆ ಹೊಂದಿಕೊಂಡು ಹೋಗು ಎಂದು ಒಂದು ಕಡೆ ಟಿಕ್ ಹಾಕಬೇಕಿತ್ತು. ಹಾಕಿದೆ. ಆರ್ಗನ್ನು ಎತ್ತಿಕೊಂಡಿತು, ಸರಿಯಾಗಿ ಐದನೆಯ ತಾಳಕ್ಕೆ ಆಕೆ ಒಳಬಂದಳು, ಮತ್ತು ನನ್ನ ಊಟದ ಕೋಣೆಯಲ್ಲಿ, ಒಗ್ಗರಣೆಯ ವಾಸನೆಯ ನಡುವೆ, ಜಗತ್ತಿನಲ್ಲಿಲ್ಲದ ಹೆಣ್ಣುಮಗಳೊಬ್ಬಳು ನಮ್ಮ ಸುಗ್ಗಿಯ ಹಾಡಿನ ಆಲ್ಟೊ ಹಾಡಿದಳು. ಒಂದು ಸ್ವರವೂ ಜಾರಲಿಲ್ಲ. ನಾನು ಎದ್ದು ನಿಂತು ಕೇಳಿದೆ; ಕೂತು ಕೇಳುವುದು ಅವಮರ್ಯಾದೆ ಎನಿಸಿತು. ಆ ಉತ್ಸಾಹದಲ್ಲಿ ಹಾಡನ್ನು ಮೂವರಿಗೂ ಫೋನಿಗೆ ಕಳಿಸಿಬಿಟ್ಟೆ.

ಬುಧವಾರದ ಅಭ್ಯಾಸದಲ್ಲಿ ಮೂವರೂ ಗೋಡೆಯಂತೆ ನಿಂತು ತಮ್ಮ ಧಾಟಿ ಹಾಡಿದರು. ನನ್ನ ಕಣ್ಣು ತುಂಬಿತು. ಆಮೇಲೆ ಪದಗಳು ಕಿವಿಗೆ ಬಿದ್ದವು.

ಹಾಡಿನ ಸಾಲು ನಾನೇ ಬರೆದದ್ದು: "ಕಳೆಯ ನಡುವೆ ಬೆಳೆಯ ಕಾಯ್ದೆ, ಮಳೆಯ ಕೊಟ್ಟ ದೇವರೇ." ಅವರು ಹಾಡುತ್ತಿದ್ದುದು: "ಕಲೆಯ ನಡುವೆ ಬೆಲೆಯ ಕಾಯ್ದೆ, ಮಲೆಯ ಕೊಟ್ಟ ದೇವರೇ." ಪ್ಲಗಿನ್‌ಗೆ ಕನ್ನಡ ಬರುವುದಿಲ್ಲ. ಇಂಗ್ಲಿಷಿನ ದನಿಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ, ಆ ದನಿಗೆ ಳ ಎಂಬುದೇ ಇಲ್ಲ. ಸ್ವರ ಶುದ್ಧವಿದ್ದ ಸಂಭ್ರಮದಲ್ಲಿ ನನಗದು ಕೇಳಿಸಿರಲಿಲ್ಲ.

"ಇದೇನ್ರವಾ ಇದು? ಕಾಗದದಾಗ ಬೆಳೆ ಅಂತ ಐತಲ್ಲ," ಎಂದೆ.

ರಾಯಾಪುರದಿಂದ ಬರುವ ಆಲ್ಟೊ ಉತ್ತರಿಸಿದಳು. "ನೀವು ತಿದ್ದೀರಿ ಅನ್ಕೊಂಡ್ವಿರಿ ಸರ. ಈ ವರ್ಷ ಬೆಳಿ ಛಲೋ ಬಂದೈತಿ, ಬೆಲಿ ಬಂದಿಲ್ಲ. ನಮ್ಮ ಅಪ್ಪಾ ಅಂತೂ ಭಾಳ ಖುಷಿಯಾದ್ರು. ಕಡೀಕ ಒಬ್ಬರರ ಖರೇ ಹಾಡ ಬರದ್ರು ಅಂದ್ರು."

ಅಯ್ಯನವರು ಕೆಮ್ಮಿದರು. ಸಿಸ್ಟರ್ ನಗಬಾರದೆಂದು ಕೊರಳು ಒತ್ತಿ ಹಿಡಿದುಕೊಂಡು ಪಾಟಿ ಎತ್ತಿದರು: "ಮಾಸ್ತರ್ರ, ನಿಮ್ಮ ಕಂಪ್ಯೂಟರಿನ ಆಕೀನ ಕನ್ನಡ ಸಾಲಿಗೆ ಕಳಸ್ರಿ."

ಕಿವಿಯಿಂದ ಕಲಿತದ್ದನ್ನು ಬಾಯಿಂದ ತಿದ್ದಲಾಗುವುದಿಲ್ಲ. ಬೆಳೆ ಎಂದು ಹೇಳಿಕೊಟ್ಟರೆ ಬೆಳೆ ಬಂತು, ಧಾಟಿ ಹೋಯಿತು. ಧಾಟಿ ಬಂದರೆ ಬೆಲೆ ಬಂತು. ಎರಡನ್ನೂ ಹಾಡಬಲ್ಲ ಕೊರಳು ಹಿಂದಿನ ಬೆಂಚಿನಲ್ಲಿ ಪಟ್ಟಿ ಕಟ್ಟಿಕೊಂಡು ಕೂತಿತ್ತು. ಶನಿವಾರಕ್ಕೆ ಮೂರೇ ದಿನ.

ಗುರುವಾರ ಬೆಳಗ್ಗೆ ಸಿಸ್ಟರ್ ಪಾಟಿ ಸಮೇತ ನಮ್ಮ ಮನೆಗೆ ಬಂದು ಕಂಪ್ಯೂಟರಿನ ಮುಂದೆ ನನ್ನ ಪಕ್ಕ ಕುರ್ಚಿ ಎಳೆದು ಕೂತರು. ಒಂದು ಲ ಇದ್ದಲ್ಲಿ ಎರಡು ಬರೆದೆ: ಆಕೆ "ಬೆಲ್ಲೆ" ಎಂದಳು. "ಬೆಲ್ಲ ಹಾಕಿ ಹೋಳಿಗಿ ಮಾಡೂಣೇನು?" ಎಂದಿತು ಪಾಟಿ. ರ ಮತ್ತು ಲ ಕೂಡಿಸಿದೆ: "ಬೆರ್ಲೆ." ಸಿಸ್ಟರ್ ಬರೆಯದೆ ತಲೆಯಲ್ಲಾಡಿಸಿದರು. ಹನ್ನೊಂದು ಗಂಟೆಗೆ ಅವರು ಕಿಟಕಿ ನೋಡುತ್ತ ಪಾಟಿಯ ಮೂಲೆಯಲ್ಲಿ ತಮ್ಮದೇ ಆಲ್ಟೊದ ಸಾಲನ್ನು ಸಣ್ಣಗೆ ಬರೆದುಕೊಳ್ಳುತ್ತಿದ್ದರು. ರವಿವಾರ ಹಾಡಲು ತಯಾರಾಗುತ್ತಿದ್ದಾರೆಂದು ನನಗೆ ತಿಳಿಯಿತು.

ಆಗ, ಹತಾಶೆಯಿಂದಲೇ, ಪ್ಲಗಿನ್‌ನ ಭಾಷೆಗಳ ಪಟ್ಟಿ ತೆರೆದೆ. ಒಂದೊಂದು ಸ್ವರಕ್ಕೂ ಬೇರೆ ಭಾಷೆ ಕೊಡಬಹುದಿತ್ತು. ಬೆ ಇಂಗ್ಲಿಷಿನಲ್ಲಿಯೇ ಇರಲಿ ಎಂದು ಬಿಟ್ಟು, ಮುಂದಿನದಕ್ಕೆ ಜಪಾನಿ ರೆ ಕೊಟ್ಟೆ. ಜಪಾನಿ ರ ಎಂಬುದು ರವೂ ಅಲ್ಲ, ಲವೂ ಅಲ್ಲ. ನಾಲಗೆ ಮೇಲೆ ಹೋಗಿ, ಮುಟ್ಟಿ, ಮರಳುತ್ತದೆ. ಆ ವ್ಯಂಜನವನ್ನು ತುಸು ಗಿಡ್ಡ ಮಾಡಿ ಹಾಡಿಸುವ ಗುಂಡಿ ಒತ್ತಿದೆ.

"ಬೆಳೆಯ ಕಾಯ್ದೆ," ಎಂದಳು ಆಕೆ.

ಸಿಸ್ಟರ್ ಬಳಪ ಕೈಬಿಟ್ಟರು. ನಾನು ಮತ್ತೆ ಒತ್ತಿದೆ. ಮತ್ತೆ ಬೆಳೆ. ಏಳು ಸಲ ಒತ್ತಿದೆ. ಏಳೂ ಸಲ ಫಸಲು. ಟೋಕಿಯೊದ ನಾಲಗೆಯಲ್ಲಿ ಧಾರವಾಡದ ಳ ಬೆಳೆದಿತ್ತು. ಕುರ್ಚಿಯ ಮೇಲೆ ತಾಳ ಹಾಕಿದೆ. ಸಿಸ್ಟರ್ ಅಂಕ ಬರೆದರು: "ನೂರಕ್ಕ ಎಪ್ಪತ್ತು."

"ಮೂವತ್ತು ಎದಕ್ಕ ಕಡದ್ರಿ ಸಿಸ್ಟರ್?"

"ಈಕಿ ಉಸರ ತಗೊಳ್ಳಂಗಿಲ್ಲ. ಈಕಿ ಬೆನ್ನಹತ್ತಿದ್ರ ಮೂರೂ ಹುಡುಗ್ಯಾರನ್ನ ದವಾಖಾನಿಗೆ ಹಾಕಬೇಕಾಗತೈತಿ," ಎಂದಿತು ಪಾಟಿ.

ಖರೆ. ಆಕೆಗೆ ಎದೆಯೇ ಇಲ್ಲ, ಉಸಿರಿನ ಗೊಡವೆ ಎಲ್ಲಿಯದು? ಬುಧವಾರ ಮೂವರ ಮುಖ ಕೆಂಪಾದದ್ದನ್ನು ನಾನು ಭಕ್ತಿ ಎಂದು ತಿಳಿದಿದ್ದೆ. ಸಿಸ್ಟರ್ ತಾವು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಲ್ಲಿ ನನ್ನ ಭುಜ ತಟ್ಟಿದರು, ನಾನು ಅಲ್ಲಲ್ಲಿ ಸ್ವರದ ಬಾಲ ಕತ್ತರಿಸಿದೆ. ಕಳೆಗೂ ಮಳೆಗೂ ಅದೇ ಜಪಾನಿ ರೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಆಕೆ ಥೇಟ್ ಸಿಸ್ಟರ್ ಹಾಗೆ, ಸಿಸ್ಟರ್ ನಿಲ್ಲುವಲ್ಲಿ ನಿಂತು ಹಾಡುತ್ತಿದ್ದಳು. ಸಿಸ್ಟರ್ ಹೆಡ್‌ಫೋನು ತೆಗೆಯದೆ ಮೂರು ಸಲ ಕೇಳಿದರು. ಪಾಟಿಯ ಮೂಲೆಯಲ್ಲಿ ಬರೆದುಕೊಂಡಿದ್ದ ಸಾಲನ್ನು ಸೆರಗಿನಿಂದ ಒರೆಸಿದರು. "ಕಳಸ್ರಿ," ಎಂದು ಬರೆದರು.

ಕಳಿಸಿದೆ. ಶನಿವಾರ ಸಂಜೆ ಮೂವರೂ ಹಾಡಿದರು. ಅಯ್ಯನವರು ಎರಡು ಸಲ ಹಾಡಿಸಿ, ಕಾಗದ ನೋಡಿಕೊಂಡು ಕೇಳಿ, "ಈಗ ಬೆಳಿ ಬಂತ ನೋಡ್ರಿ," ಎಂದರು. "ಹಂಗಾರ ಬೆಲಿ ದೇವರಿಗೆ ಬಿಟ್ಟಂಗಾತೇನ್ರಿ ಅಯ್ಯನೋರ?" ಎಂದಳು ರಾಯಾಪುರದವಳು.

ರವಿವಾರ ನಾಲ್ಕೂ ಧಾಟಿಯಲ್ಲಿ ಹಾಡಾಯಿತು. ಕೊನೆಯ ಚರಣದಲ್ಲಿ ಮೂವರಲ್ಲಿ ಒಬ್ಬಳು ಒಂದು ಸಲ ಬೆಲೆ ಎಂದಳು. ಸಿಸ್ಟರ್ ಮೂರನೆಯ ಬೆಂಚಿನಲ್ಲಿ ಕೂತಿದ್ದರು, ಹಾಡಲಿಲ್ಲ.