ಅತ್ತೆ ಮನೆಯ ಫಾರಂ

ಅತ್ತೆಯ ಬೆರಳಿನ ಉಗುರುಗಳು ನಡುವೆ ತಗ್ಗಾಗಿದ್ದವು. ಮಗ್ಗದ ನೂಲಿಗೆ ಗಂಜಿ ಬಳಿಯುವಾಗ ಆ ತಗ್ಗಿನಲ್ಲಿ ಒಂದು ತೊಟ್ಟು ನಿಂತುಬಿಡುತ್ತಿತ್ತು. ಸೆರಗಿಗೆ ಒರೆಸಿಕೊಂಡು ಮತ್ತೆ ಬಳಿಯುತ್ತಿದ್ದರು. ಕೆಲಸ ಮಾಡಿ ಮಾಡಿ ಉಗುರು ಸವೆದಿರಬೇಕು ಎಂದುಕೊಂಡೆ. ಪೌಷ್ಟಿಕ ಆಹಾರವನ್ನೇ ಓದುತ್ತಿದ್ದ ಜಾಣೆ ನಾನು.

ನಮಗೆ ನೆಂಟಸ್ತಿಕೆ ಏನೂ ಇರಲಿಲ್ಲ. ನಾನು ಕೊಯಮತ್ತೂರಿನ ಆರ್.ಎಸ್. ಪುರಂನವಳು. ಕಾಲೇಜಿನಿಂದ ಸರ್ವೆಗೆಂದು ನೆಗಮಂನ ನೇಕಾರರ ಬೀದಿಗೆ ಹೋಗಿದ್ದಾಗ, ಫೋನಿನಲ್ಲಿ ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡಿದ್ದು ಕೇಳಿ, "ಅಯ್ಯೋ, ನೀ ನಮ್ಮೋಳಾ ಕಣ್ಣು? ಬಿಸ್ಲಲ್ಲಿ ಯಾಕೆ ನಿಂತಿದೀಯ?" ಎಂದು ಒಳಗೆ ಕರೆದರು. ಅವರ ತಮಿಳು ಬೆರೆತ ಕನ್ನಡದಲ್ಲಿ 'ಕಣ್ಣು' ಎಂದರೆ ಕಂದ. ಅವತ್ತಿನಿಂದ ಅವರು ನನಗೆ ಅತ್ತೆ. ಮಧ್ಯಾಹ್ನದ ಊಟವೂ ಅಲ್ಲೇ.

ಆ ಬೀದಿಯ ಮುದುಕಿಯರಿಗೆ, ಬಸುರಿಯರಿಗೆ ಮಧ್ಯಾಹ್ನದ ಊಟ ಶುರುಮಾಡಬೇಕೇ ಬೇಡವೇ ಎಂದು ಒಂದು ಸಂಸ್ಥೆ ನಮ್ಮ ವರದಿ ನೋಡಿ ತೀರ್ಮಾನಿಸುವುದಿತ್ತು. ತಿಂಗಳಿಗೆ ಖರ್ಚಾಗುವ ಅಕ್ಕಿಯನ್ನು ಮನೆಯ ತಲೆಗಳಿಂದ ಭಾಗಿಸಿದೆ. ಲೆಕ್ಕದಲ್ಲಿ ಎಲ್ಲರೂ ಹೊಟ್ಟೆತುಂಬ ಉಣ್ಣುತ್ತಿದ್ದರು. 'ಅಗತ್ಯವಿಲ್ಲ' ಎಂದು ಬರೆದು ಅತ್ತೆಗೆ ಹೆಮ್ಮೆಯಿಂದ ಹೇಳಿದೆ. ಅವರು ಬೈಯಲಿಲ್ಲ. "ನಾಳೆ ಬೆಳಿಗ್ಗೆ ಬೇಗ ಬಾ" ಎಂದರಷ್ಟೇ.

ಹೋದಾಗ ಬೀದಿಯುದ್ದಕ್ಕೂ ನೂಲು ಎಳೆದು ಕಟ್ಟಿದ್ದರು. ಅತ್ತೆಯ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಅಕ್ಕಿ ಕರಗುವ ಹಾಗೆ ಬೇಯುತ್ತಿತ್ತು. ತಿಂಡಿ ಇರಬೇಕೆಂದು ಕಾದೆ. ಅತ್ತೆ ಅದನ್ನು ಸೋಸಿ ಹೊರಗೆ ಒಯ್ದು, ಅಷ್ಟನ್ನೂ ನೂಲಿಗೆ ಬಳಿದರು.

"ನೋಡ್ಕೋ ಕಣ್ಣು. ನೀ ಕಣಕ್ಕು ಹಾಕಿದ ಅಕ್ಕೀಲಿ ಇದೂ ಒಂದು ಬಾಯಿ. ಮೊದ್ಲು ನೂಲು ಉಣ್ಬೇಕು. ಆಮೇಲೆ ಗಂಡಸ್ರು, ಮಕ್ಳು. ಮಿಕ್ಕಿದ್ರೆ ನಾವು."

ನಾಚಿಕೆಯಾಯಿತು. ಫಾರಂಗಳನ್ನು ಹೊಸದಾಗಿ ತುಂಬಲು ಮನೆ ಮನೆಗೆ ಮತ್ತೆ ಹೊರಟೆ. ನೂಲಿಗೆ ಎಷ್ಟು ಅಕ್ಕಿ, ಕಡೆಗೆ ಉಣ್ಣುವವರು ಯಾರು ಎಂದು ಕೇಳಿದೆ. ಅತ್ತೆ ಜೊತೆಗೇ ಬಂದರು. ಎರಡು ಮನೆಗೊಮ್ಮೆ ಜಗುಲಿಯ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಯಾರಾದರೂ ಮರ್ಯಾದೆಗೆ ಅಂಜಿ ಎಲ್ಲ ಚೆನ್ನಾಗಿದೆ ಎಂದರೆ, "ಪೊಯ್ ಹೇಳ್ಬೇಡ ಕಣೇ, ಇದು ನಮ್ಮ ಹುಡ್ಗಿ" ಎಂದು ಗದರಿ ನಿಜ ಹೇಳಿಸುತ್ತಿದ್ದರು. ಅವರ ಮನೆಯ ಫಾರಂ ತೆಗೆದರೆ ಮಾತ್ರ, "ನಮ್ದು ಕಡೇಲಿ ಬರ್ಕೋ, ಎಲ್ಲಿಗೆ ಓಡೋಗ್ತದೆ?" ಎಂದು ನಗುತ್ತಿದ್ದರು. ಮಧ್ಯಾಹ್ನ ನನ್ನ ಮುಂದೆ ತಟ್ಟೆ ಇಟ್ಟಾಗ, "ನಿಮ್ಮದು ಅತ್ತೆ?" ಎಂದು ಕೇಳುತ್ತಿದ್ದೆ. "ನಂದಾಯ್ತು. ನೀ ಉಣ್ಣು."

ನಾನು ನಂಬಿದೆ. ಇದಕ್ಕಿಂತ ಹೆಚ್ಚೇನು ಹೇಳಲಿ?

'ಅಗತ್ಯವಿದೆ' ಎಂಬ ವರದಿ ಹೋಯಿತು, ಸಂಸ್ಥೆ ಒಪ್ಪಿತು. ಬೀದಿಯಲ್ಲಿ ಆ ಊಟದ ಒಲೆ ಹೊತ್ತುವ ಮೊದಲೇ ಅತ್ತೆ ಮಗ್ಗದ ಮೇಲೆ ಕುಸಿದರು. ಕೊಯಮತ್ತೂರಿನ ಆಸ್ಪತ್ರೆಗೆ ಓಡಿ ಹೋದೆ. ಮೈಯಲ್ಲಿ ರಕ್ತವೇ ಇಲ್ಲ ಎಂದರು ಡಾಕ್ಟರು. ಹಾಸಿಗೆಯ ಮೇಲೆ ಅಂಗಾತ ಬಿದ್ದಿದ್ದ ಆ ಕೈಯನ್ನು ಆಗ ಸರಿಯಾಗಿ ನೋಡಿದೆ. ಚಮಚದಂಥ ಉಗುರು, ರಕ್ತಹೀನತೆಯ ಗುರುತು. ಪರೀಕ್ಷೆಯಲ್ಲಿ ಅದರ ಚಿತ್ರ ಬರೆದು ಪೂರ್ತಿ ಮಾರ್ಕು ತೆಗೆದುಕೊಂಡಿದ್ದೆ.

ಮೂರನೆಯ ದಿನ ತೀರಿಕೊಂಡರು. ಕಾರ್ಯದ ದಿನ ಅವರ ಸೊಸೆ, ದೂರುವ ದನಿಯಲ್ಲೇನೂ ಅಲ್ಲ, ಹೇಳಿದಳು: "ನೀವು ಬರೋ ದಿನ ಅತ್ತೆ ಸಂಜೆವರ್ಗೂ ಬರೀ ಕಾಪೀಲೇ ಇರ್ತಿದ್ರು ಅಕ್ಕ. ನಿಮ್ಗೆ ಹೇಳ್ಕೂಡದು ಅಂದಿದ್ರು."

ಈಗ ಆ ಬೀದಿಯಲ್ಲಿ ದಿನಾ ಮಧ್ಯಾಹ್ನ ಊಟ ಹಾಕುತ್ತಾರೆ. ಅತ್ತೆ ಮನೆಯ ಫಾರಂ ನನ್ನ ಬಳಿಯೇ ಉಳಿದಿದೆ. ಒಮ್ಮೆ ತುಂಬಲು ಕೂತೆ. ಹೆಸರು, ವಯಸ್ಸು, ಮನೆಯಲ್ಲಿ ನಾಲ್ವರು ಎಂದೆಲ್ಲ ಬರೆದೆ. 'ನಿನ್ನೆ ಮಧ್ಯಾಹ್ನ ಏನು ಉಂಡಿರಿ?' ಎಂಬಲ್ಲಿ ಕೈ ನಿಂತಿತು. ನಾನು ಉಂಡದ್ದು ಮಾತ್ರ ಚೆನ್ನಾಗಿ ನೆನಪಿದೆ. ಅನ್ನ, ಅವರೆಕಾಳಿನ ಹುಳಿ, ಮತ್ತೆ ನಾನೇ ಕೇಳಿ ಎರಡನೆಯ ಸಲ ಹಾಕಿಸಿಕೊಂಡ ಅನ್ನ.